ತಣ್ಣನೆ ಕೈಯವರು

ಜಿಂಜು, ನಡುಪೇಟೆ
೨೩ ನವೆಂಬರ್ ೨೦೨೩, ಗುರುವಾರ

ಒಡಹುಟ್ಟಿದ ಮಾನ್‌ಹೊಗೆ,

ನೂರು ಕಾಲ ಬಾಳು. ಮೊಣಕಾಲು ಹೇಗಿದೆ? ಅಮ್ಮನ ತಿಥಿಯ ದಿನ ನೀನು ಸೇತುವೆಯ ಮೇಲೆ ನಿಂತು ಫೋನು ಮಾಡಿದಾಗ ಮೆಟ್ಟಿಲು ಇಳಿಯುವುದು ಕಷ್ಟ ಎಂದಿದ್ದೆ. ಗಾಳಿಯ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ. ವರ್ಷಕ್ಕೊಂದು ಸಲ ಮಾಡುವ ಫೋನನ್ನಾದರೂ ಗಾಳಿ ಇಲ್ಲದ ಕಡೆ ನಿಂತು ಮಾಡಬಾರದೇ? ಚುನ್‌ಚೊನ್‌ನಲ್ಲಿ ಆಗಲೇ ಕೆರೆಯಂಚು ಹೆಪ್ಪುಗಟ್ಟಿರಬೇಕು. ಒಳಗೆ ಉಣ್ಣೆಯ ಚಲ್ಲಣ ಹಾಕಿಕೋ, ಅದರಿಂದ ಹೆಡ್‌ಮಾಸ್ತರ ಮಾನವೇನೂ ಹೋಗುವುದಿಲ್ಲ. ನಿನ್ನ ಹೆಂಡತಿಯ ರಕ್ತದೊತ್ತಡ ಹತೋಟಿಯಲ್ಲಿದೆ ಎಂದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಎಡಗಣ್ಣಿನ ಪೊರೆ ತೆಗೆಸಿದೆ. ಡಾಕ್ಟರು ಹುಡುಗ "ಹದಿನೈದು ದಿನ ಬಗ್ಗಬೇಡಿ ಅಜ್ಜಿ" ಎಂದ. "ಬಗ್ಗದೆ ಸೊಪ್ಪು ತೊಳೆಯೋಕೆ ನಿಮ್ಮಮ್ಮ ಬರ್ತಾರೇನಪ್ಪ?" ಎಂದೆ. ನಾಲ್ಕನೆಯ ದಿನ ಬಗ್ಗಿದೆ, ಕಣ್ಣು ಉದುರಲಿಲ್ಲ. ಈಗ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ಮಾಂಸದ ನಾರು ಯಾವ ಕಡೆಗೆ ಓಡುತ್ತದೆ ಎಂದು ಬೆರಳಿನಿಂದ ಮುಟ್ಟಿ ನೋಡುವ ಗರಜಿಲ್ಲ.

ಈ ಪತ್ರವನ್ನು ಹೆಂಡತಿಯ ಎದುರು ಓದಬೇಡ. ಒಣಗಿಸಿದ ಜರೀಗಿಡದ ಚಿಗುರಿನ ಕೆಳಗೆ, ಎರಡನೆಯ ಕಾಗದದ ಅಡಿಯಲ್ಲಿ ಇಡುತ್ತೇನೆ. ಪೆಟ್ಟಿಗೆಯ ಮೇಲೆ ಎಂದಿನ ಹಾಗೆ 'ಹಳೆಯ ವಿದ್ಯಾರ್ಥಿಯ ತಾಯಿ, ಜಿಂಜು' ಎಂದೇ ಬರೆದಿದ್ದೇನೆ. 'ಚಳಿಗಾಲ ಒಳ್ಳೆಯದಾಗಿ ಕಳೆಯಲಿ' ಎಂಬ ಚೀಟಿಯನ್ನೂ ಇಸವಿ ಹಾಕಿ ಮೇಲೆಯೇ ಇಟ್ಟಿದ್ದೇನೆ. ಪ್ರತಿ ವರ್ಷ ಕಳಿಸುವ ಗಾಮ್ ಹಣ್ಣು ಇನ್ನೂ ಸೂರಿನ ಕೆಳಗೆ ದಾರದಲ್ಲಿ ನೇತಾಡುತ್ತಿದೆ, ಒಣಗಲು ಇನ್ನೂ ಒಂದು ತಿಂಗಳು ಬೇಕು. ಅಲ್ಲಿಯವರೆಗೆ ಸುಮ್ಮನಿರುವುದು ನನ್ನಿಂದ ಆಗುವುದಿಲ್ಲ. ನಲವತ್ತೈದು ವರ್ಷ ನಿನಗೆ ಕೊಟ್ಟ ಮಾತು ಉಳಿಸಿಕೊಂಡೆ. ಹೋದ ವಾರ ಆ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ನುಂಗಿದೆ. ಇನ್ನೊಂದು ಸಲ ನುಂಗಬೇಕೋ ಉಗುಳಬೇಕೋ ನೀನೇ ಹೇಳಬೇಕು. ಅದಕ್ಕೇ ಇಷ್ಟು ಉದ್ದ ಬರೆಯಲು ಕೂತಿದ್ದೇನೆ. ಅಕ್ಷರ ನೋಡಿ ನಗಬೇಡ. ಹಾವಿನ ಹಾಗೆ ಸುತ್ತುವ ಆ ಲಕಾರವನ್ನು ನಾನು ಬಾಲದ ಕಡೆಯಿಂದ ಬರೆಯುತ್ತೇನೆ ಎಂದು ನೀನು ಏಳನೆಯ ವಯಸ್ಸಿನಲ್ಲೇ ಕೆಂಪು ಸೀಸ ಹಿಡಿದು ತಿದ್ದಿದ್ದೆ. ತಿದ್ದಿದ್ದು ನೀನು, ತಿದ್ದಿಕೊಳ್ಳದವಳು ನಾನು. ನನ್ನ ಪಕ್ಕ ಕೂರಲಾರೆ ಎಂದ ಹುಡುಗನ ಕಿವಿ ಕಚ್ಚಿ ಮೂರನೆಯ ತರಗತಿಗೇ ಶಾಲೆ ಬಿಟ್ಟವಳಿಗೆ ಲಕಾರ ಯಾವ ಕಡೆ ತಿರುಗಿದರೇನು?

ಹೋದ ವಾರ ಮಂಗಳವಾರ ಬೆಳಿಗ್ಗೆ ಅಂಗಡಿ ಇನ್ನೂ ತೆರೆದಿರಲಿಲ್ಲ. ತೊಡೆಯ ಮಾಂಸ ಆಗ ತಾನೇ ಬಂದಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದೆ. ಇಪ್ಪತ್ತರ ಒಂದು ಹುಡುಗಿ ಬಾಗಿಲಲ್ಲಿ ನಿಂತು ತಲೆಬಾಗಿದಳು. ಕೈಯಲ್ಲಿ ಕಾಗದದ ಕಟ್ಟು, ಕುತ್ತಿಗೆಯಲ್ಲಿ ಬಿಲ್ಲೆ, ಚೀಲದಿಂದ ಇಣುಕುವ ಉದ್ದನೆಯ ಉಷ್ಣಮಾಪಕದ ಕಡ್ಡಿ. ನನಗೆ ತಲೆ ಕೆಟ್ಟಿತು. ತಪಾಸಣೆಯವರು ಬೇಸಿಗೆಯಲ್ಲಷ್ಟೇ ಬಂದು ಹೋಗಿದ್ದರು. "ಮತ್ತೆ ಬಂದ್ರಾ? ನನ್ನ ಹಲಗೆ ನಿನ್ನ ಮುಖಕ್ಕಿಂತ ಚೊಕ್ಕಟವಾಗಿದೆ, ನೋಡ್ಕೊಂಡು ಹೋಗು" ಎಂದೆ. ಅವಳು ಹೆದರಲಿಲ್ಲ. "ಮುಖ ರೈಲಲ್ಲೇ ತೊಳ್ಕೊಂಡೆ ಅಜ್ಜಿ. ನಾನು ತಪಾಸಣೆಯವಳಲ್ಲ, ಬುಸಾನ್‌ನಲ್ಲಿ ಪೋಷಣೆಯ ಓದು ಓದ್ತಿದೀನಿ. ಹಸಿ ದನದ ಮಾಂಸದ ಅಡುಗೆಗಳ ಬಗ್ಗೆ ಬರೀಬೇಕು. ಯುಕ್ವೆ ಕಲಸೋದನ್ನ ನೋಡ್ತೀನಿ, ನಾಲ್ಕು ಪ್ರಶ್ನೆ ಕೇಳ್ತೀನಿ, ಅಷ್ಟೆ" ಎಂದಳು. ಹೆಸರು ದಾನ್‌ಬಿ ಎಂದಳು. ಹಾಗೆಂದರೆ ಬೇಕಾದ ಹೊತ್ತಿಗೆ ಬರುವ ಮಳೆ. ನನಗೆ ಬೇಡದ ಹೊತ್ತಿಗೆ ಬಂದಿದ್ದಳು. ಪಕ್ಕದ ಮೀನಂಗಡಿಯ ಓಕ್‌ಬುನ್ ಬುಟ್ಟಿ ಇಳಿಸುತ್ತಲೇ ಕೂಗಿದಳು: "ಹೇಳೇ ಮಾಲ್‌ಸುನ್, ಹೇಳು. ಇಷ್ಟು ವರ್ಷ ಗಿರಾಕಿಗಳಿಗೆ ಬೈದದ್ದು ಸಾಕು, ಪುಸ್ತಕದಲ್ಲಿ ಬರೋ ಹಂಗೆ ಎರಡು ಒಳ್ಳೆ ಮಾತಾಡು." ಅವಳ ಬಾಯಿ ಮುಚ್ಚಿಸುವುದಕ್ಕಾಗಿಯೇ ಹುಡುಗಿಯನ್ನು ಒಳಗೆ ಕರೆದೆ.

ನಾಲ್ಕು ಪ್ರಶ್ನೆ ಎಂದವಳು ನಲವತ್ತು ಕೇಳಿದಳು. ಸೋಮವಾರ ಯಾಕೆ ಹಸಿ ಮಾಂಸ ಇಲ್ಲ? ಶನಿವಾರ ಭಾನುವಾರ ಕಸಾಯಿಖಾನೆ ನಡೆಯುವುದಿಲ್ಲ, ಹಳೆಯ ಮಾಂಸ ಬೇಯಿಸುವುದಕ್ಕೆ, ಹಸಿಯಾಗಿ ತಿನ್ನುವುದಕ್ಕಲ್ಲ. ಕೊಬ್ಬಿನ ಗೆರೆ ಇರುವ ದುಬಾರಿ ಭಾಗ ಯಾಕೆ ಬೇಡ? ಹಸಿ ಕೊಬ್ಬು ನಾಲಿಗೆಗೆ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ, ಕೆಂಪು ತೊಡೆಯ ಮಾಂಸ ಮಾತ್ರ ಸಿಹಿ. ಮರಸೇಬು ಯಾಕೆ? ಅದರ ರಸ ಬಿದ್ದರೆ ಮಾಂಸ ಮೆತ್ತಗಾಗುತ್ತದೆ, ಹೆಚ್ಚು ಹೊತ್ತಾದರೆ ಅಂಬಲಿಯಾಗುತ್ತದೆ, ಅದಕ್ಕೇ ತಟ್ಟೆ ಮೇಜಿಗೆ ಹೋಗುವ ಹೊತ್ತಿಗಷ್ಟೇ ಸೇರಿಸಬೇಕು. "ಸರಿ ಅಜ್ಜಿ, ಅದರಲ್ಲಿ ಮಾಂಸವನ್ನ ಒಡೆಯೋ ಪದಾರ್ಥ ಇದೆ" ಎಂದು ಬರೆದುಕೊಂಡಳು. ಅಮ್ಮನಿಗೆ ಪದಾರ್ಥದ ಹೆಸರು ಗೊತ್ತಿರಲಿಲ್ಲ, ಹೊತ್ತು ಗೊತ್ತಿತ್ತು. ನಾನು ಎಳ್ಳೆಣ್ಣೆ, ಬೆಳ್ಳುಳ್ಳಿ, ಉಪ್ಪು ಹಾಕಿ, ಕೈಯನ್ನು ಐಸು ನೀರಿನಲ್ಲಿ ಅದ್ದಿ ಒರೆಸಿ ಕಲಸಿದೆ. ಅವಳು ಕಡ್ಡಿ ಚುಚ್ಚಿ ಮಾಂಸದ ಬಿಸಿ ನೋಡಿದಳು. ಆಮೇಲೆ ನನ್ನ ಅಂಗೈಗೂ ಒತ್ತಿ ಹಿಡಿದಳು. ಎಂಬತ್ತರ ಹತ್ತಿರ ಬಂದಿರುವವಳ ಕೈಯನ್ನು ಯಾರೋ ಹಾಗೆ ಹಿಡಿದು ಓದಿದ್ದು ಅದೇ ಮೊದಲು.

ಅವಳು ಹೇಳಿದ್ದನ್ನೆಲ್ಲ ನಿನಗೆ ಹೇಳಬೇಕು ಮಾನ್‌ಹೊ. ನೀನು ಓದಿದವನು, ನಿನಗೆ ಗೊತ್ತಿದ್ದರೂ ಇರಬಹುದು. ನನಗೆ ಗೊತ್ತಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಕೈಯಾಡಿಸಿದ ಮಾಂಸದೊಳಗೆ ಕಬ್ಬಿಣ ಇದೆ ಎಂದು ಯಾರೂ ನನಗೆ ಹೇಳಿರಲಿಲ್ಲ. "ಮಣ್ಣಲ್ಲಿರೋದು ಹುಲ್ಲಿಗೆ, ಹುಲ್ಲಿಂದ ಎತ್ತಿಗೆ, ಎತ್ತಿಂದ ನಮಗೆ. ಮಾಂಸ ಕೆಂಪಗಿರೋದೇ ಅದರಿಂದ, ನಮ್ಮ ರಕ್ತ ಕೆಂಪಗಿರೋದೂ ಅದರಿಂದ" ಎಂದಳು. ಅಂದರೆ ಕತ್ತಿಯೂ ಕಬ್ಬಿಣ, ಕತ್ತಿಯ ಕೆಳಗಿರುವುದೂ ಕಬ್ಬಿಣ, ಕತ್ತಿ ಹಿಡಿದ ಕೈಯೊಳಗೆ ಓಡುವುದೂ ಕಬ್ಬಿಣ. ಕತ್ತಿಯನ್ನು ಕೆಳಗಿಟ್ಟೆ. ನಮ್ಮಜ್ಜನನ್ನು ನೆನೆಸಿಕೊಂಡೆ. ಹತ್ತು ವರ್ಷದ ಪೋರನೂ ಏಕವಚನದಲ್ಲಿ ಕರೆಯುತ್ತಿದ್ದ ಮುದುಕ, ತಲೆಗೆ ಟೋಪಿ ಇಡುವಂತಿರಲಿಲ್ಲ, ಸತ್ತರೆ ಊರವರ ಗೋರಿಯ ಪಕ್ಕ ಮಣ್ಣು ಸಿಗುವಂತಿರಲಿಲ್ಲ. ಆದರೆ ಮದುವೆ, ಅರವತ್ತರ ಹಬ್ಬ ಎಂದರೆ ಅದೇ ದೊಡ್ಡ ಮನೆಯವರು ಅವನ ಗುಡಿಸಲಿಗೆ ಆಳು ಕಳಿಸುತ್ತಿದ್ದರು. ಅವರ ಮೈಯ ರಕ್ತ ಕೆಂಪಾದದ್ದು ನಮ್ಮಜ್ಜ ಕಡಿದುಕೊಟ್ಟ ಕಬ್ಬಿಣದಿಂದ. ಇದು ಅವನಿಗೆ ಗೊತ್ತಿದ್ದರೆ ಇನ್ನೂ ಒಂದು ಗೇಣು ಎತ್ತರ ನಡೆಯುತ್ತಿದ್ದನೇನೋ.

ಇನ್ನೊಂದು ಮಾತು ಹೇಳಿದಳು. ನರಗಳಿಗೆ ಬೇಕಾದ ಯಾವುದೋ ಒಂದು ಜೀವಸತ್ವ, ಹನ್ನೆರಡನೆಯ ನಂಬರಿನದು, ಸೊಪ್ಪಿನಲ್ಲಿ ಸಿಕ್ಕುವುದಿಲ್ಲವಂತೆ, ಮಾಂಸದಲ್ಲಿ ಸಿಕ್ಕುತ್ತದಂತೆ. ಆದರೆ ಎತ್ತು ಕೂಡ ಅದನ್ನು ಮಾಡುವುದಿಲ್ಲ. ಎತ್ತಿನ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಕೋಟಿ ಹುಳುಗಳು ಕೂತು ಮಾಡುತ್ತವೆ. ಆ ಹೊಟ್ಟೆಯನ್ನು, ಸಾವಿರ ಹಾಳೆಯ ಪುಸ್ತಕದ ಹಾಗೆ ಮಡಿಕೆ ಮಡಿಕೆಯಾಗಿರುವ ಚೀಲವನ್ನು, ನಾನು ಉಪ್ಪು ಹಿಟ್ಟು ಹಾಕಿ ಉಜ್ಜಿ ಉಜ್ಜಿ ತೊಳೆದು ಹಸಿಯಾಗಿಯೇ ಗಿರಾಕಿಗಳಿಗೆ ಇಡುತ್ತೇನೆ. ನಾನು ಓದದೆ ಬಿಟ್ಟ ಪುಸ್ತಕ ಅಲ್ಲಿತ್ತು ನೋಡು. ಮತ್ತೆ ಸೊಪ್ಪಿನ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲವಂತೆ, ಮಾಂಸ ಜೊತೆಗಿದ್ದರೆ ಅದೂ ಹತ್ತುತ್ತದಂತೆ. ಅದನ್ನು ಕೇಳಿ ನನಗೆ ರೋಮಾಂಚವಾಯಿತು. ನಮ್ಮ ಹೂವನ್ನಕ್ಕೆ, ಅನ್ನದ ಮೇಲೆ ಹೂ ಅರಳಿದ ಹಾಗೆ, ಮೊಳಕೆಕಾಳು, ಜರಿಚಿಗುರು, ಕಡಲಪಾಚಿ ಸುತ್ತ ಜೋಡಿಸಿ ನಡುವೆ ಯುಕ್ವೆ ಇಡುವಾಗ ಅಮ್ಮ ಏನನ್ನುತ್ತಿದ್ದಳು? "ಸೊಪ್ಪು ತಬ್ಬಲಿ ಮಗು, ಮಾಂಸ ಕೈ ಹಿಡಿದ್ರೆ ನಡೆಯುತ್ತೆ." ಅಕ್ಷರ ಬಾರದ ಹೆಂಗಸು ಹೇಳಿದ್ದನ್ನು ಈಗ ಗಾಜಿನ ಕೊಳವೆಯಲ್ಲಿ ನೋಡಿ ಹೌದು ಎನ್ನುತ್ತಿದ್ದಾರೆ.

ಎಲ್ಲವೂ ಹೊಗಳಿಕೆ ಎಂದುಕೊಳ್ಳಬೇಡ. ಬೇಯಿಸಿದರೂ ಕಬ್ಬಿಣ ಎಲ್ಲಿಗೂ ಹೋಗುವುದಿಲ್ಲ, ಹಸಿಯಾಗಿ ತಿಂದರೆ ಪವಾಡವೇನೂ ಆಗುವುದಿಲ್ಲ ಎಂದಳು. ನನಗೆ ರೇಗಿತು. ಬಸುರಿಯರು, ಎಳೆಮಕ್ಕಳು, ಮುದುಕರು ಹಸಿ ಮಾಂಸ ತಿನ್ನದಿದ್ದರೆ ಒಳ್ಳೆಯದು ಎಂದೂ ಹೇಳಿದಳು. "ಯಾವ ಮುದುಕರು?" ಎಂದೆ. ಪೆನ್ಸಿಲ್ ಕಚ್ಚುತ್ತಾ, "ಎಪ್ಪತ್ತು ದಾಟಿದೋರು ಅಜ್ಜಿ" ಎಂದಳು. ಒಂದು ಹಿಡಿ ಯುಕ್ವೆ ಎತ್ತಿ ಅವಳೆದುರೇ ಬಾಯಿಗೆ ಹಾಕಿಕೊಂಡೆ. ಓಕ್‌ಬುನ್ ಆಚೆಯಿಂದ, "ಅವಳು ಸಾಯಲ್ಲ ಬಿಡಮ್ಮ, ಅವಳನ್ನ ತಿಂದ್ರೆ ಹುಳನೇ ಸಾಯುತ್ತೆ" ಎಂದಳು.

ಈಗ ಕೇಳು. ಹನ್ನೊಂದು ಗಂಟೆಯ ಹೊತ್ತಿಗೆ ಮೂರು ತಟ್ಟೆ ಒಟ್ಟಿಗೆ ಬೇಕಾಯಿತು. ಹುಡುಗಿ ತೋಳು ಮಡಚಿ, "ನಾನೊಂದು ಕಲಸ್ಲಾ?" ಎಂದಳು. ಐಸು ನೀರಿನ ಬೋಗುಣಿ ಮುಂದಿಟ್ಟೆ. "ಬೇಡ ಅಜ್ಜಿ, ನನ್ನ ಕೈ ಯಾವಾಗ್ಲೂ ಹೀಗೇ" ಎಂದು ನನ್ನ ಮಣಿಕಟ್ಟು ಮುಟ್ಟಿದಳು. ಬೇಸಿಗೆಯಲ್ಲಿ ನಮ್ಮ ಹಣೆಯ ಮೇಲೆ ಅಮ್ಮ ಇಡುತ್ತಿದ್ದ ಕೈ ಅದು, ಬಾವಿಯ ಕಲ್ಲಿನ ಹಾಗಿದ್ದ ಕೈ. ನನಗೆ ಆ ಕೈ ಬರಲಿಲ್ಲ, ಅದಕ್ಕೇ ಇವತ್ತಿಗೂ ನನಗೆ ಐಸು ಬೇಕು. ನಮ್ಮ ಮನೆಯಲ್ಲಿ ಅದು ಬಂದದ್ದು ನಿನಗೆ, ನೀನು ಅದರಲ್ಲಿ ಸೀಮೆಸುಣ್ಣ ಹಿಡಿದೆ. ಹುಡುಗಿ ಕಲಸಿದಳು. ಹಿಂಡಲಿಲ್ಲ, ಹಿಸುಕಲಿಲ್ಲ, ಬೆರಳ ಸಂದಿಯಿಂದ ಎತ್ತಿ ಎತ್ತಿ ಬಿಟ್ಟಳು. ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಹೊಳೆಯಿತು. ರುಚಿ ನೋಡಿದೆ. ಕೈರುಚಿ ಎನ್ನುವುದು ಕಲಿಸಿದರೆ ಬರುತ್ತದೆ ಎನ್ನುವವರು ಸುಳ್ಳು ಹೇಳುತ್ತಾರೆ. "ಎಲ್ಲಿಂದ ಬಂತೇ ಈ ಕೈ?" ಎಂದು ಕೇಳಿದೆ. "ಅಮ್ಮನ ಅಪ್ಪಂದು. ಚಳಿಗಾಲದಲ್ಲಿ ನಮ್ಮಜ್ಜಿ ಅವರ ಕೈ ಮುಟ್ಟೋದೇ ಇಲ್ಲ. ಮೀನು ಹಿಡ್ಕೊಂಡ ಹಂಗಾಗುತ್ತೆ ಅಂತಾರೆ" ಎಂದು ನಕ್ಕಳು. ಇರಬಹುದು, ಲೋಕದಲ್ಲಿ ತಣ್ಣನೆ ಕೈಯವರು ಬೇಕಾದಷ್ಟು ಜನ ಎಂದುಕೊಂಡೆ.

ಆಮೇಲೆ ಕತ್ತಿ ತೊಳೆದಳು. ನಾನು ಹೇಳಿರಲಿಲ್ಲ, ತಾನಾಗಿಯೇ ತೊಳೆದಳು. ಒರೆಸಿದಳು. ಅಲಗನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಳು. ಮೇಲೆ ಬಟ್ಟೆ ಹೊದೆಸಿದಳು. ಬಗ್ಗಿ ಮೆಲ್ಲಗೆ, ಉಸಿರಿಗೇ ಹೇಳಿಕೊಂಡ ಹಾಗೆ ಹೇಳಿದಳು: "ದೊರೆ, ನೆಟ್ಟಗೆ ಮನೆಗೆ ಹೋಗಿ."

ನನ್ನ ಕೈಯಿಂದ ತಟ್ಟೆ ಜಾರಿತು. ಪುಣ್ಯಕ್ಕೆ ಸ್ಟೀಲಿನದು.

ಈ ಮಾತು ಹೊರಗಿನವರಿಗೆ ಗೊತ್ತಿಲ್ಲ. ನಮ್ಮವರು ಎತ್ತನ್ನು ಕೊಲ್ಲುತ್ತೇವೆ ಎಂದು ಬಾಯಿ ತಪ್ಪಿಯೂ ಅನ್ನುತ್ತಿರಲಿಲ್ಲ, ಕಳಿಸಿಕೊಡುತ್ತೇವೆ ಎನ್ನುತ್ತಿದ್ದರು. ತಪ್ಪು ಮಾಡಿ ಮೇಲಿನ ಲೋಕದಿಂದ ಬಿದ್ದ ದೊರೆಮಗ ಅವನು, ಜನ್ಮವೆಲ್ಲ ನೊಗ ಹೊತ್ತು ತೀರಿಸಿದ, ಇನ್ನು ಅವನನ್ನು ಅರಮನೆಗೆ ಮುಟ್ಟಿಸುವುದು ನಮ್ಮ ಕೆಲಸ. ಹೋಗುವಾಗ ಅವನು ತಿರುಗಿ ನೋಡಿದರೆ ಅಲಗು ಕಣ್ಣಿಗೆ ಬೀಳಬಾರದು. ಅದಕ್ಕೇ ಗೋಡೆಯ ಕಡೆ, ಅದಕ್ಕೇ ಬಟ್ಟೆ, ಅದಕ್ಕೇ ಆ ಮಾತು. ಅಜ್ಜ ಅಪ್ಪನಿಗೆ ಹೇಳಿಕೊಟ್ಟ, ಅಪ್ಪ ನಮ್ಮಿಬ್ಬರಿಗೆ. ಈ ಪೇಟೆಯಲ್ಲಿ ಅದನ್ನು ಹೇಳುವವಳು ಈಗ ನಾನೊಬ್ಬಳೇ. "ಯಾರು ಹೇಳಿಕೊಟ್ಟರು?" ಎಂದು ಕೇಳಿದೆ. "ಅಜ್ಜ. ಮನೇಲಿ ಕತ್ತಿ ತೊಳೆದಾಗೆಲ್ಲ ಹಿಂಗೇ ಮಾಡ್ತಾರೆ. ಯಾಕೆ ಅಂತ ಕೇಳಿದ್ರೆ ಬೆಟ್ಟದ ಕಡೆ ಊರಿನ ರೂಢಿ ಅಂತಾರೆ. ಹಸಿ ಮಾಂಸ ಮಾತ್ರ ಮುಟ್ಟಲ್ಲ, ಹೊಟ್ಟೆಗಾಗಲ್ಲ ಅಂತಾರೆ. ಚುನ್‌ಚೊನ್‌ನಲ್ಲಿ ಹೆಡ್‌ಮಾಸ್ತರಾಗಿದ್ರು" ಎಂದಳು.

ನೀನು ಊರು ಬಿಟ್ಟೆ, ಮೂಲದ ಪತ್ರ ಬದಲಾಯಿಸಿದೆ, ಮಾತಿನ ಎಳೆತ ತಿದ್ದಿಕೊಂಡೆ, ನಮ್ಮನ್ನೆಲ್ಲ ಬಾಯಿಮಾತಿನಲ್ಲೇ ಯುದ್ಧದಲ್ಲಿ ಸಾಯಿಸಿದೆ. ಕತ್ತಿಯ ಮಾತನ್ನು ಮಾತ್ರ ಬಿಡಲಾಗಲಿಲ್ಲ ನಿನಗೆ. ಬೈಯಬೇಕೋ ಮುದ್ದಿಸಬೇಕೋ ತಿಳಿಯದೆ ಒಲೆಯ ಕಡೆ ತಿರುಗಿ ರಕ್ತದ ಸಾರು ಕಲಕುತ್ತಾ ನಿಂತೆ. 'ನಿನ್ನಜ್ಜನ ಮೂಗು ಒರೆಸಿದವಳು ನಾನೇ ಕಣೇ' ಎನ್ನುವ ಮಾತು ಹಲ್ಲಿನ ತನಕ ಬಂತು. ನಿನ್ನ ಮದುವೆಯ ದಿನ ನೆನಪಾಯಿತು. ನಾನೇ ಬರುತ್ತೇನೆ ಎಂದೆ, ನೀನು ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮಾಂಸದ ಬುಟ್ಟಿ ಹೊತ್ತು ಹಿಂಬಾಗಿಲಿಂದ ಬಂದೆ. ನೂರು ಜನರಿಗೆ ಯುಕ್ವೆ ಕಲಸಿದೆ. ಬೆರಳು ಮರಗಟ್ಟಿ ಐಸು ಯಾವುದು ಬೆರಳು ಯಾವುದು ಗೊತ್ತಾಗುತ್ತಿರಲಿಲ್ಲ. ನಿನ್ನ ಅತ್ತೆ ಒಂದು ತುತ್ತು ತಿಂದು ಅಡುಗೆಮನೆಗೇ ಬಂದರು. "ಎಂಥಾ ಕೈಯಮ್ಮ ನಿಂದು. ಯಾರ ಕಡೆಯವಳು?" ಎಂದರು. ನೀನು ಬಾಗಿಲಲ್ಲೇ ಇದ್ದೆ, ಹೊಸ ಬೂಟು ನೋಡಿಕೊಳ್ಳುತ್ತಿದ್ದೆ. "ಮಾಂಸ ತಂದವಳು" ಎಂದು ನಾನೇ ಹೇಳಿದೆ. ಅದರ ಬಗ್ಗೆ ಇವತ್ತಿನವರೆಗೂ ನಿನ್ನನ್ನು ಒಂದು ಮಾತು ಕೇಳಿಲ್ಲ, ಈಗಲೂ ಕೇಳುವುದಿಲ್ಲ. ಆಗ ಕಾಲ ಹಾಗಿತ್ತು. ಕಟುಕರ ಕುಲ ಎಂದು ತಿಳಿದಿದ್ದರೆ ಆ ಮದುವೆ ಅವತ್ತೇ ಮುರಿಯುತ್ತಿತ್ತು, ನೀನು ಹೇಳಿದ್ದು ನಿಜವೇ. ಮದುವೆ ಮುರಿಯದಿರಲಿ ಎಂದೇ ನಾನೂ ಮಾತು ಕೊಟ್ಟೆ.

ಆದರೆ ಆ ಹುಡುಗಿಯ ಕಾಗದದಲ್ಲಿ ಕೊನೆಯ ಪ್ರಶ್ನೆ ಬೇರೆ ಇತ್ತು: ಈ ಅಡುಗೆ ಮಾಡುತ್ತಿದ್ದವರು ಯಾರು, ಜನ ಅವರನ್ನು ಹೇಗೆ ಕಾಣುತ್ತಿದ್ದರು. ನಿನ್ನ ಹೆಸರು ಎತ್ತಲಿಲ್ಲ, ಮಾತು ಮುರಿಯಲಿಲ್ಲ. ಆದರೆ ನನ್ನ ಕುಲ ನನ್ನದು, ಅದನ್ನು ಹೇಳಲು ನಿನ್ನ ಅಪ್ಪಣೆ ಬೇಡ. ಎಲ್ಲ ಹೇಳಿದೆ. ನಮ್ಮ ಕಟುಕರ ಕುಲವನ್ನು ಪೆಕ್‌ಜೊಂಗ್ ಎಂದು ಹೀನವಾಗಿ ಕರೆಯುತ್ತಿದ್ದರು ಎಂದೆ. ಕ್ರೈಸ್ತರ ಪ್ರಾರ್ಥನೆಯ ಮನೆಯಲ್ಲೂ ಊರವರು ನಮ್ಮನ್ನು ಒಂದೇ ಚಾಪೆಯ ಮೇಲೆ ಕೂರಿಸದೆ ಜಗಳವಾಡಿದ್ದನ್ನು ಹೇಳಿದೆ. ನೂರು ವರ್ಷದ ಹಿಂದೆ ಇದೇ ಊರಲ್ಲಿ ನಮ್ಮವರು ತಕ್ಕಡಿಯ ಹೆಸರಿಟ್ಟುಕೊಂಡು ಸಂಘ ಕಟ್ಟಿದಾಗ, ಮಾಂಸ ತೂಗುವ ತಕ್ಕಡಿಯಲ್ಲಿ ಮನುಷ್ಯರನ್ನೂ ಸಮವಾಗಿ ತೂಗಿ ಎಂದು ಕೂಗಿದಾಗ, ಅಜ್ಜ ಆ ಗುಂಪಿನಲ್ಲಿ ಮೊದಲ ಸಲ ಟೋಪಿ ಇಟ್ಟುಕೊಂಡು ನಿಂತಿದ್ದನ್ನು ಹೇಳಿದೆ. ದೊರೆಮಗನ ಕತೆ ಹೇಳಿದೆ. ಅಲಗು ಯಾಕೆ ಗೋಡೆಯ ಕಡೆ ಎಂದು ಹೇಳಿದೆ. ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. ಮುಖ ಸಿಂಡರಿಸುತ್ತಾಳೆ ಎಂದುಕೊಂಡೆ, ಎದೆ ಡವಗುಟ್ಟಿತು, ಕಿವಿ ಕಚ್ಚಿದ ದಿನ ಕೂಡ ಹಾಗೆ ಹೊಡೆದುಕೊಂಡಿರಲಿಲ್ಲ. ಅವಳು ಎದ್ದು ಕತ್ತಿಯ ಬಟ್ಟೆಯ ಮೇಲೆ ಆ ತಣ್ಣನೆ ಕೈ ಇಟ್ಟು ನಿಂತಳು. "ಇಷ್ಟು ದೊಡ್ಡ ಮಾತನ್ನ ಮುಚ್ಚಿಟ್ಕೊಂಡಿದ್ರಾ?" ಎಂದಳು. ನನ್ನನ್ನು ಕೇಳಿದಳೋ ಇನ್ಯಾರನ್ನೋ, ತಿಳಿಯಲಿಲ್ಲ. ನಾವು ಅವಮಾನವೆಂದು ಹೂತಿಟ್ಟದ್ದನ್ನು ಆ ಮಗು ದೇವರ ಮುಂದೆ ನಿಂತ ಹಾಗೆ ನಿಂತು ನೋಡುತ್ತಿತ್ತು. ನಾನು ಈ ವಯಸ್ಸಿನಲ್ಲಿ ಏನೇನೋ ನೋಡಿದ್ದೇನೆ ಮಾನ್‌ಹೊ, ಅದನ್ನು ನೋಡುತ್ತೇನೆ ಎಂದುಕೊಂಡಿರಲಿಲ್ಲ.

ಹೋಗುವಾಗ ಒಂದು ಲಕೋಟೆ ಕೊಟ್ಟಳು. "ಇದ್ರಲ್ಲಿ ನಿಮ್ಮ ರುಜು ಬೇಕು ಅಂಗಡಿಯಜ್ಜಿ. ನಿಧಾನವಾಗಿ ಓದಿ. ಬರೋ ಬುಧವಾರ ಅಲ್ಲ, ಅದರಾಚೆ ಬುಧವಾರ ಬರ್ತೀನಿ, ಹನ್ನೊಂದಕ್ಕೆ" ಎಂದಳು. ಅಂದರೆ ಇದೇ ಇಪ್ಪತ್ತೊಂಬತ್ತು. ಅವತ್ತು ನಾನು ಅವಳಿಗೆ ಏನೆಂದು ಹೇಳಲಿ? ಮಾಂಸ ತಂದವಳು ಎಂದು ಇನ್ನೊಮ್ಮೆ ಹೇಳಲು ನನಗೆ ಬಾಯಿ ಬರುವುದಿಲ್ಲ. ನಿನ್ನ ಮಾತು ಮುರಿಯಲೂ ಮನಸ್ಸಿಲ್ಲ. ನಿನ್ನ ಹೆಂಡತಿಗೆ ಈ ವಯಸ್ಸಿನಲ್ಲಿ ಏನನ್ನಿಸುತ್ತದೋ ನಾನು ಅರಿಯೆ. ಯೋಚಿಸು. ಬೇಗ ಯೋಚಿಸು, ನೀನು ಚಿಕ್ಕವನಿದ್ದಾಗ ಊಟಕ್ಕೆ ಕೂರಲೂ ಅರ್ಧ ಗಂಟೆ ಯೋಚಿಸುತ್ತಿದ್ದೆ.

ನಿನ್ನ ಮನೆಯವರೆಲ್ಲರ ಹೊಟ್ಟೆ ತಣ್ಣಗಿರಲಿ, ಮೈ ಬೆಚ್ಚಗಿರಲಿ. ಜರಿಚಿಗುರನ್ನು ಒಂದು ರಾತ್ರಿ ನೆನೆಹಾಕಬೇಕೆಂದು ನಿನ್ನ ಹೆಂಡತಿಗೆ ಹೇಳು, ಅವಸರ ಮಾಡಿದರೆ ಕಹಿ.

ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದ
ಅಕ್ಕ ಮಾಲ್‌ಸುನ್

ಅಂಟು ಹಚ್ಚುವ ಮೊದಲು ಇನ್ನೊಂದು ಮಾತು: ಆ ಲಕೋಟೆಯನ್ನು ಒಂಬತ್ತು ದಿನದಿಂದ ಅಕ್ಕಿಯ ಡಬ್ಬದ ಕೆಳಗೆ ಇಟ್ಟಿದ್ದೆ. ಅಚ್ಚಾದ ಕಾಗದ ಎಂದರೆ ನನಗೆ ಆಗುವುದಿಲ್ಲ, ನಿನಗೆ ಗೊತ್ತು. ಈಗ ತೆಗೆದು ನೋಡಿದೆ. ಮೇಲಿನ ಸಾಲು: ಮಾಹಿತಿ ಕೊಟ್ಟವರು, ಮಾಲ್‌ಸುನ್. ಅದರ ಕೆಳಗೆ: ಅಧ್ಯಯನ ಮಾಡುವವರಿಗೆ ಇವರು ಏನಾಗಬೇಕು. ಅಲ್ಲಿ ಅವಳ ಕೈಯಲ್ಲಿ ಬರೆದಿದೆ: ದೊಡ್ಡಜ್ಜಿ. ಜೊತೆಗೆ ಒಂದು ಚೀಟಿ ಇದೆ. ನಿನ್ನ ಮೇಜಿನ ಕೆಳಖಾನೆಯಲ್ಲಿ ನನ್ನ ಚಳಿಗಾಲದ ಚೀಟಿಗಳನ್ನೆಲ್ಲ ದಾರ ಕಟ್ಟಿ ಇಟ್ಟಿದ್ದೀಯಂತೆ, ನಲವತ್ತೈದೂ. ಎಲ್ಲದರಲ್ಲೂ ಲಕಾರ ಉಲ್ಟಾ ಇದೆಯಂತೆ. ನಮ್ಮ ಅಂಗಡಿಯ ಹೆಸರಿನ ಹಲಗೆಯ ಫೋಟೊದಲ್ಲಿ ಅದೇ ಉಲ್ಟಾ ಲಕಾರ ಕಂಡು ಹುಡುಕಿಕೊಂಡು ಬಂದಳಂತೆ. "ಮೊದಲನೇ ಚೀಟಿ ಅಜ್ಜ ಮೇಷ್ಟ್ರಾಗೋಕ್ಕಿಂತ ಮುಂಚಿನ ವರ್ಷದ್ದು. ಆಗ ಅವರಿಗೆ ವಿದ್ಯಾರ್ಥಿಯೇ ಇರಲಿಲ್ಲ, ವಿದ್ಯಾರ್ಥಿಗೆ ತಾಯಿ ಎಲ್ಲಿಂದ ಬಂದ್ರು?" ಎಂದು ಬರೆದಿದ್ದಾಳೆ. ನಮ್ಮಿಬ್ಬರಿಗೂ ನಲವತ್ತೈದು ವರ್ಷ ಇದು ಹೊಳೆಯಲಿಲ್ಲ ನೋಡು. ಎಲ್ಲ ತಿಳಿದೇ ಇಡೀ ದಿನ ಬರಿಯ ಅಜ್ಜಿ, ಅಂಗಡಿಯಜ್ಜಿ ಎಂದು ಕರೆದಳು, ನಿನ್ನ ಗುಟ್ಟು ತನ್ನ ಬಾಯಿಂದ ಹೊರಡಬಾರದು ಎಂದು. 'ಅಜ್ಜ ತಾನಾಗೇ ಹೇಳೋ ತನಕ ಅಜ್ಜಿಗೂ ಅಮ್ಮನಿಗೂ ನಾನು ಹೇಳಲ್ಲ' ಎಂದಿದ್ದಾಳೆ. ಆದ್ದರಿಂದ ಯೋಚನೆ ಸಾಕು. ಬುಧವಾರ ಹನ್ನೊಂದಕ್ಕೆ ಬಾ. ಅವಳು ಕಲಸುತ್ತಾಳೆ, ಮೊದಲ ತುತ್ತು ನಿನಗೆ ಎತ್ತಿಟ್ಟಿರುತ್ತೇನೆ, ಎಪ್ಪತ್ತು ದಾಟಿದವರಿಗೆ ಬೇಡ ಎಂದರೆ ನಾನಿದ್ದೇನೆ. ಹಿಂದುಗಡೆ ಮೀನಿನ ಬುಟ್ಟಿಗಳಿವೆ, ಜಾರುತ್ತದೆ. ಮುಂಬಾಗಿಲಿಂದ ಬಾ.